ಹೃದಯಕ್ಕೆ ಒಳ್ಳೆಯ ಉಪ್ಪು

ಬೆರಳಲ್ಲಿ ಇನ್ನೂ ಬೇಯಿಸಿದ ಆಲೂಗಡ್ಡೆಯ ವಾಸನೆ, ಆಸ್ಪತ್ರೆಯ ಸೋಪಿಗೂ ಜಗ್ಗಿಲ್ಲ, ಹೇಗೆ ಜಗ್ಗೀತು, ಎರಡು ವರ್ಷದಿಂದ ಸಿಪ್ಪೆ ತೆಗೆದು, ಹೆಚ್ಚಿ, ನೆನೆಹಾಕಿ, ಕುದಿಸಿ, ನೀರು ಬಸಿದು ಚೆಲ್ಲಿ — ಅತ್ತೆಯ ಕಿಡ್ನಿಗೆ ಪೊಟ್ಯಾಶಿಯಂ ಹೊರಹಾಕುವ ತಾಕತ್ತಿಲ್ಲ, ಆ ಚಾಕರಿಯನ್ನು ಸೊಸೆಯ ಪಾತ್ರೆಯೇ ಮಾಡಬೇಕು — ಮಾಡಿದಳು, ಬಾಳೆಹಣ್ಣಿಗೆ ಬೀಗ ಹಾಕಿದಳು, ಕಿತ್ತಳೆ ತಂದ ನೆಂಟರನ್ನು ಬಾಗಿಲಲ್ಲೇ ಸಾಗಹಾಕಿದಳು, ಸಿಕ್ಕಿದ್ದೇನು, ಪಕ್ಕದ ಮನೆಯವರ ಮುಂದೆ ಅತ್ತೆ, ನನ್ನ ಸೊಸೆ ಒಗೆದ ಬಟ್ಟೆ ಬಡಿಸ್ತಾಳೆ ಕಣ್ರೀ, ಚೆನ್ನಾಗಿ ಹಿಂಡಿ — ಎಲ್ಲರೂ ನಕ್ಕರು, ಗಂಡನೂ ಹಲ್ಲು ಕಿರಿದ, ಕಾರು ಕಲಿಸಲು ಹೋಗುವ ಡ್ರೈವಿಂಗ್ ಸ್ಕೂಲಿನಲ್ಲೂ ಇವಳದು ಇದೇ ಪಾಡು, ಸ್ಟಿಯರಿಂಗ್ ಕಂಡವರ ಕೈಯಲ್ಲಿ, ಪಕ್ಕದಲ್ಲಿ ಕೂತು ಬ್ರೇಕ್ ಒತ್ತಿ ಬೈಸಿಕೊಳ್ಳುವವಳು ಇವಳು. ಬೆಳಿಗ್ಗೆ ಅತ್ತೆ ಮಂಚದಿಂದ ಏಳಲಾರದೆ, ಕಾಲು ನನ್ನದೇ ಅಲ್ಲ ಅನ್ನಿಸ್ತಿದೆ ಕಣೇ ಅಂದಿದ್ದು, ನಾಡಿ ತಡವರಿಸಿದ್ದು, ಎತ್ತುವಾಗ ದಿಂಬಿನಡಿ ಅಡಗಿಸಿಟ್ಟ ಒಂದು ಪೊಟ್ಟಣ ಬಿದ್ದಿದ್ದು — ಆಂಬುಲೆನ್ಸು, ಸೂಜಿ, ಡಯಾಲಿಸಿಸ್, ಡಾಕ್ಟರು, ಪೊಟ್ಯಾಶಿಯಂ ಸಿಕ್ಕಾಪಟ್ಟೆ ಏರಿದೆ, ಏನು ತಿಂದಿದ್ರು, ಅಂದರೆ ನಾದಿನಿ ಕಣ್ಣೊರೆಸಿಕೊಳ್ಳುತ್ತ, ಅಡುಗೆ ಮಾಡೋದು ಅತ್ತಿಗೆ, ಅವರನ್ನೇ ಕೇಳಿ — ಅತ್ತಿಗೆಯನ್ನು ಕೇಳಬೇಕಂತೆ! ಇವಳು ಪೊಟ್ಟಣ ತೆಗೆದು ನಾದಿನಿಯ ಮಡಿಲಿಗೇ ಎಸೆದಳು, ಹೋದ ವಾರ ಅಮ್ಮನ ಮಂಚದ ಹತ್ತಿರ ಕೂತಿದ್ದೋಳು ನೀನೊಬ್ಬಳೇ, ತಂದುಕೊಟ್ಟೋಳು ನೀನು ತಾನೆ, ಹೇಳು. ಉಪ್ಪು ಅಲ್ವಾ ಅತ್ತಿಗೆ, ಹೃದಯಕ್ಕೆ ಒಳ್ಳೇದು ಅಂತ ಬರೆದಿದೆ, ಅಮ್ಮ ಎಲ್ಲಾ ಸಪ್ಪೆ ಅಂತ ಅಳ್ತಿದ್ಲು — ಡಾಕ್ಟರು ಪೊಟ್ಟಣ ತಿರುಗಿಸಿ ನೋಡಿ, ಸೋಡಿಯಂ ಕಡಿಮೆ ಮಾಡಿ ಅದರ ಜಾಗಕ್ಕೆ ಪೊಟ್ಯಾಶಿಯಂ ಹಾಕಿದ್ದಾರಮ್ಮ, ಇವರಿಗೆ ಇದು ವಿಷ. ವಿಷ — ಆಹಾ, ಕಿವಿಗೆ ಎಷ್ಟು ರುಚಿಯಾಗಿತ್ತು ಆ ಮಾತು, ನಾದಿನಿಯ ಮುಖ ಬಿಳಚಿಕೊಂಡಿತು, ಗಂಡ ಗೋಡೆ ನೋಡಿದ, ಇನ್ನು ಅತ್ತೆಗೆ ಎಚ್ಚರವಾಗಲಿ, ನೀನು ಮಾಡ್ತಿದ್ದದ್ದೇ ಸರಿ ಕಣೇ ಅನ್ನಲಿ, ಒಂದೇ ಒಂದು ಸಲ — ಅತ್ತೆ ಕಣ್ಣು ಬಿಟ್ಟರು, ಕೈ ಚಾಚಿದರು, ಆ ಕೈ ಇವಳನ್ನು ದಾಟಿ ಮಗಳ ಹತ್ತಿರ ಹೋಯಿತು, ಇವಳನ್ನ ಯಾರೂ ಬೈಬೇಡಿ, ಊಟ ಅಂತ ನಾನು ಮಾಡಿದ್ದು ಇವಳು ಉಪ್ಪು ಕೊಟ್ಟ ಮೇಲೇ. ಹಾಗಾದರೆ ಸೊಸೆ ಬಡಿಸಿದ್ದು ಏನು, ಹುಲ್ಲಾ, ಥೂ, ಆದರೂ ಬಿಡುವವಳಲ್ಲ, ನಾಳೆಯೂ ನೆನೆಹಾಕುತ್ತಾಳೆ, ಬಸಿಯುತ್ತಾಳೆ, ಬದುಕಿಸಿಯೇ ತೀರುತ್ತಾಳೆ, ಹಠಕ್ಕೆ, ಬರೀ ಹಠಕ್ಕೆ — ಆದರೆ ಅತ್ತೆಯ ನಾಲಿಗೆ, ಒಡೆದ ತುಟಿಯ ಮೇಲೆ, ಈ ತುದಿಯಿಂದ ಆ ತುದಿಗೆ, ಎಲ್ಲಾದರೂ ಒಂದು ಹರಳು ಉಳಿದಿದೆಯೇನೋ ಎಂದು ತಡಕುತ್ತ — ಇವಳು ಮುಖ ತಿರುಗಿಸಿದಳು, ಕಣ್ಣು ಮುಚ್ಚಿದಳು, ಅಲ್ಲೂ ಆ ನಾಲಿಗೆ, ಈ ತುದಿಯಿಂದ ಆ ತುದಿಗೆ, ಆ ನಾಲಿಗೆ