ಮನೆ ಟೀಚರ್ ಬರೆದ ವರದಿ

ನನ್ನ ಮೊಮ್ಮಗಳ ಶಾಲೆಯಿಂದ ದಿನಕ್ಕೆ ಐದಾರು ಸಲ ಫೋನಿಗೆ ಸಂದೇಶ ಬರುತ್ತದೆ. ಟೋಪಿ ಇಲ್ಲದಿದ್ದರೆ ಬಯಲಲ್ಲಿ ಆಟವಿಲ್ಲ, ಕಡಲೆಬೀಜ ತರಬೇಡಿ, ಗೇಟಿನ ಮುಂದೆ ಕಾರು ನಿಲ್ಲಿಸಬೇಡಿ, ಮೂರನೇ ತರಗತಿಯಲ್ಲಿ ಹೇನು ಕಂಡಿದೆ, ತಲೆ ನೋಡಿಕೊಳ್ಳಿ. ನನ್ನ ಸೊಸೆ ಒಂದನ್ನೂ ಪೂರ್ತಿ ಓದದೆ ಹೆಬ್ಬೆರಳಲ್ಲಿ ಮೇಲಕ್ಕೆ ತಳ್ಳಿಬಿಡುತ್ತಾಳೆ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಮ್ಮ ಮನೆಗೆ ಶಾಲೆಯ ನಿಯಮ ಬರುತ್ತಿದ್ದದ್ದು ವರ್ಷಕ್ಕೆ ಒಂದೇ ಹಾಳೆ, ಅದೂ ವಿಮಾನದಲ್ಲಿ. ಅದನ್ನು ಓದಿ ಹೇಳುವ ಅಧಿಕಾರ ಮನೆಯಲ್ಲಿದ್ದದ್ದು ಹತ್ತು ವರ್ಷದ ನನಗೆ.

ನಮ್ಮದು ರೇಡಿಯೋ ಶಾಲೆ. ಕಟ್ಟಡವಿಲ್ಲ, ಬೆಂಚಿಲ್ಲ, ಗಂಟೆಯಿಲ್ಲ. ಪಟ್ಟಣದ ಒಂದು ಸಣ್ಣ ಕೋಣೆಯಲ್ಲಿ ಮಿಸ್ ಪಾಸ್ಕೋ ಮೈಕಿನ ಮುಂದೆ ಕೂತು ಹಾಜರಿ ಕರೆಯುತ್ತಿದ್ದರು. ಮುನ್ನೂರು ಮೈಲಿ ಈಚೆ, ನಮ್ಮ ದನದ ಎಸ್ಟೇಟಿನ ಅಡುಗೆಮನೆಯಲ್ಲಿ, ನಾನು ಮೈಕಿನ ಗುಂಡಿ ಒತ್ತಿ "ಗ್ಲೆನಿಸ್ ಇದ್ದೀನಿ ಮಿಸ್, ಓವರ್" ಅನ್ನುತ್ತಿದ್ದೆ. ಇಡೀ ಸೀಮೆಗೆ ಅದೊಂದೇ ರೇಡಿಯೋ ದಾರಿ. ಒತ್ತಿದರೆ ನಮ್ಮ ಮಾತು ಎಲ್ಲರಿಗೂ ಕೇಳಿಸುತ್ತದೆ, 'ಓವರ್', ಅಂದರೆ ನನ್ನ ಮಾತು ಮುಗಿಯಿತು, ಎಂದು ಬಿಟ್ಟರೆ ಅವರ ಮಾತು ನಮಗೆ ಕೇಳಿಸುತ್ತದೆ. ದಿನಕ್ಕೆ ಅರ್ಧ ಗಂಟೆ ಪಾಠ. ಗುರುವಾರ ಟಪಾಲಿನ ವಿಮಾನ ಹಸಿರು ಚೀಲದಲ್ಲಿ ವಾರದ ಪಾಠದ ಹಾಳೆ ತಂದು, ಬರೆದು ಮುಗಿಸಿದ್ದನ್ನು ತೆಗೆದುಕೊಂಡು ಹೋಗುತ್ತಿತ್ತು. ತಿಂಗಳಿಗೊಮ್ಮೆ ಹತ್ತು ಪುಸ್ತಕಗಳ ಪೆಟ್ಟಿಗೆ ಬರುತ್ತಿತ್ತು. ಅದರ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಅಂಥ ಒಳ್ಳೆಯ ಶಾಲೆ ಮತ್ತೆ ಎಲ್ಲೂ ಹುಟ್ಟಲಿಲ್ಲ. ಯಾರು ಏನೇ ಅನ್ನಲಿ, ನನ್ನ ಮಾತು ಇಷ್ಟೇ.

ಇಷ್ಟು ಸವಲತ್ತಿಗೆ ಬದಲಾಗಿ ಶಾಲೆ ಕೇಳುತ್ತಿದ್ದದ್ದು ಒಂದೇ. ಪ್ರತಿ ಮನೆಯಲ್ಲೂ ಒಬ್ಬ ದೊಡ್ಡವರು 'ಮನೆ ಟೀಚರ್' ಆಗಿರಬೇಕು. ಪಕ್ಕದಲ್ಲಿ ಕೂರಬೇಕು, ತಪ್ಪು ತಿದ್ದಬೇಕು, ವಾರಕ್ಕೊಮ್ಮೆ ಮಗುವಿನ ಬಗ್ಗೆ ತಮ್ಮ ಕೈಯಾರೆ ವರದಿ ಬರೆದು ಚೀಲದಲ್ಲಿ ಹಾಕಬೇಕು. ಅಂಥವರಿಲ್ಲದ ಮನೆಯ ಮಗು ಪಟ್ಟಣದ ಹಾಸ್ಟೆಲಿಗೆ ಹೋಗಬೇಕು.

ನನ್ನ ಅಮ್ಮ ಎಡ್ನಾಗೆ ಓದು ಬರುತ್ತಿರಲಿಲ್ಲ. ದನದ ಹಿಂಡು ಹೊಡೆದುಕೊಂಡು ಊರೂರು ಅಲೆಯುವವನ ಮಗಳು ಅವಳು, ಕುದುರೆಯ ಮೇಲೆ ಬೆಳೆದವಳು. ಯಾವ ಊರಿನಲ್ಲೂ ಎರಡು ವಾರ ನಿಂತವಳಲ್ಲ, ಇನ್ನು ಶಾಲೆಯ ಬಾಗಿಲು ಎಲ್ಲಿಂದ ಕಾಣಬೇಕು? ಅಪ್ಪ ಅರ್ಜಿಯಲ್ಲಿ 'ತಾಯಿಯೇ ಮನೆ ಟೀಚರ್' ಎಂದು ಬರೆದು, ದನ ಕೂಡಿಸಲು ತಿಂಗಳುಗಟ್ಟಲೆ ಕಾಡಿಗೆ ಹೋಗಿಬಿಟ್ಟ. ವರದಿ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು.

ಕೊರಳಿಗೆ ಬಿತ್ತು ಎಂದು ಈಗ ಹೇಳುತ್ತಿದ್ದೇನೆ. ಆಗ ನನಗೆ ಅದು ಹಬ್ಬವಾಗಿತ್ತು. 'ಗ್ಲೆನಿಸ್ ಬಹಳ ಶ್ರದ್ಧೆಯ ಹುಡುಗಿ. ಈ ವಾರ ಒಮ್ಮೆಯೂ ಹಟ ಮಾಡಲಿಲ್ಲ. ಅವಳ ಅಕ್ಷರ ದಿನದಿನಕ್ಕೆ ದುಂಡಗಾಗುತ್ತಿದೆ.' ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರು ಯಾರು? ಮಿಸ್ ಪಾಸ್ಕೋ ಒಮ್ಮೆ ಕೆಂಪು ಶಾಯಿಯಲ್ಲಿ 'ಇಂಥ ಮಗಳನ್ನು ಪಡೆದ ನೀವು ಪುಣ್ಯವಂತರು' ಎಂದು ಬರೆದು ಕಳಿಸಿದರು. ಅದನ್ನು ಅಮ್ಮನಿಗೆ ಮೂರು ಸಲ ಓದಿ ಹೇಳಿದೆ.

ನಿಯಮಗಳ ಹಾಳೆಯನ್ನೂ ನಾನೇ ಓದಿ ಹೇಳಿದ್ದು. ಬೇಕಾದ್ದನ್ನು ಓದಿದೆ, ಬೇಡದ್ದನ್ನು ಬಿಟ್ಟೆ. ಏಳನೆಯದು, 'ರೇಡಿಯೋ ಹತ್ತಿರ ತಿಂಡಿ ಇಟ್ಟುಕೊಳ್ಳಬಾರದು' ಎಂಬುದು ನನಗೆ ಹಿಡಿಸಲಿಲ್ಲ. ಬಿಸಿ ರೊಟ್ಟಿಗೆ ಸಕ್ಕರೆಪಾಕ ಸುರಿದುಕೊಂಡು, ಬೆರಳು ನೆಕ್ಕುತ್ತ ಪಾಠ ಕೇಳುವ ಸುಖವನ್ನು ಒಂದು ಹಾಳೆಗಾಗಿ ಬಿಡುವವಳಲ್ಲ ನಾನು. ಆ ನಿಯಮ ನಮ್ಮ ಮನೆಯಲ್ಲಿ ಇರಲೇ ಇಲ್ಲ.

ಸೆಪ್ಟೆಂಬರಿನ ಒಂದು ಮಂಗಳವಾರ ಅದರ ಫಲ ಬಂತು. ಪಾಠ ಮುಗಿಯಿತು. ಪಾಕ ಮೆತ್ತಿದ ಕೈಯಲ್ಲೇ "ನಮಸ್ಕಾರ ಮಿಸ್, ಓವರ್" ಎಂದು ಮೈಕನ್ನು ಮೇಜಿನ ಮೇಲೆ ಇಟ್ಟೆ. ಒತ್ತಿದ ಗುಂಡಿ ಒಳಗೇ ಅಂಟಿಕೊಂಡು ಕೂತಿತು. ನಾನು ನೋಡಲಿಲ್ಲ. ಗುಂಡಿ ಒಳಗಿದ್ದರೆ ಹೊರಗಿನ ಯಾರ ದನಿಯೂ ನಮಗೆ ಕೇಳಿಸುವುದಿಲ್ಲ. ಇವತ್ತು ರೇಡಿಯೋ ತಣ್ಣಗಿದೆಯಲ್ಲ ಎಂದುಕೊಂಡೆ, ಅಷ್ಟೇ.

ಅಮ್ಮ ಹಿಟ್ಟು ನಾದುತ್ತಿದ್ದಳು. ಹೋದ ಶನಿವಾರ ಬೆರಿಲ್ ಹ್ಯಾಸ್ಕೆಟ್ ಮನೆಯಲ್ಲಿ ತಿಂದ ಕೇಕು ಅವಳ ಹೊಟ್ಟೆಯಿಂದ ಇಳಿದಿದ್ದರೂ ನಾಲಿಗೆಯಿಂದ ಇಳಿದಿರಲಿಲ್ಲ. ಬೆರಿಲ್ ಅಂದರೆ ನಮ್ಮ ಹತ್ತಿರದ ನೆರೆಯವಳು, ನಲವತ್ತು ಮೈಲಿ.

"ಅದೂ ಒಂದು ಕೇಕಾ! ಗೂಳಿ ಮುಂದೆ ಅದನ್ನೂ ಇಟ್ಟು, ಉಪ್ಪಿನ ಗಟ್ಟೀನೂ ಇಡು. ಗೂಳಿ ಉಪ್ಪನ್ನೇ ನೆಕ್ಕುತ್ತೆ. ಅದ್ರ ಮೇಲೆ ಆ ಹೆಂಗ್ಸು 'ಇನ್ನೊಂದ್ ತುಂಡು ಹಾಕ್ಲಾ ಎಡ್ನಾ' ಅಂತಾಳೆ. ಹಾಕಮ್ಮಾ, ಗೋಡೆ ಬಿರುಕಿಗೆ ಮೆತ್ಕೋತೀನಿ!"

ನಾನು ಬಿದ್ದು ಬಿದ್ದು ನಕ್ಕೆ. ನಗು ನಿಂತ ಮೇಲೆ ಕಾಗದ ಪೆನ್ಸಿಲ್ ತೆಗೆದೆ.

"ಅಮ್ಮ, ಈ ವಾರದ ವರದಿ ಏನಂತ ಬರೀಲಿ?"

"ಹೋದ್ ವಾರದ್ದೇ ಬರಿ."

"ಯಾವಾಗ್ಲೂ ಒಳ್ಳೇದೇ ಬರೆದ್ರೆ ಅನುಮಾನ ಬರುತ್ತೆ."

"ಹಾಗಾದ್ರೆ ಎರಡು ದಿನ ಕೆಮ್ಮಿತ್ತು ಅಂತ ಸೇರ್ಸು. ಸಹೀನೂ ನೀನೇ ಹಾಕು. ನಂದು ಕೋಳಿ ಕೆದರಿದ ಹಾಗೆ ಬರುತ್ತೆ."

"ನೀನೂ ಒಂದಿಷ್ಟು ಕಲೀಬಹುದಲ್ಲಮ್ಮ?"

ಅಮ್ಮ ನಾದುವುದನ್ನು ನಿಲ್ಲಿಸಿದಳು. "ಯಾರ ಹತ್ರ ಕಲೀಲೇ? ಈ ವಯಸ್ನಲ್ಲಿ ಅ ಆ ಅಂತ ಕೂತ್ರೆ ಕುದುರೆಗಳೂ ನಗ್ತವೆ. ನಂಗೆ ನಾಚಿಕೆ ಆಗುತ್ತೆ ಗ್ಲೆನಿ. ನಿನ್ ಪುಸ್ತಕ ತಲೆಕೆಳಗಾಗಿದ್ರೂ ನಂಗೆ ಗೊತ್ತಾಗಲ್ಲ. ಆ ಮಿಸ್ಸಿಗೆ ಇದು ತಿಳೀತು ಅಂದ್ರೆ ನಿನ್ನ ಕರ್ಕೊಂಡು ಹೋಗಿ ಹಾಸ್ಟೆಲಿಗೆ ಹಾಕ್ತಾರೆ. ನೀನಿಲ್ದೆ ಈ ಮನೇಲಿ ನಾನು ಯಾರ ಜೊತೆ ಮಾತಾಡ್ಲಿ? ಬಾಯ್ ಮುಚ್ಕೊಂಡು ಬರಿ."

ಬರೆದೆ. ಕೆಮ್ಮನ್ನೂ ಸೇರಿಸಿದೆ.

ಸುಮಾರು ಒಂದೂವರೆ ಗಂಟೆ ಕಳೆದಿರಬೇಕು. ದೂರದಲ್ಲಿ ಕೆಂಧೂಳು ಎದ್ದಿತು. ಬೆರಿಲ್ ಹ್ಯಾಸ್ಕೆಟಳ ಹಳೆಯ ಟ್ರಕ್ಕು ಅಂಗಳದಲ್ಲಿ ಕಿರುಗುಟ್ಟಿ ನಿಂತಿತು. ರೆಪ್ಪೆಯವರೆಗೂ ಧೂಳು ಮೆತ್ತಿಕೊಂಡು ಅವಳು ನೇರವಾಗಿ ಅಡುಗೆಮನೆಗೆ ನುಗ್ಗಿದಳು. ತುಟಿಗೆ ಬೆರಳಿಟ್ಟು, ಮೈಕನ್ನು ಎತ್ತಿ, ಉಗುರಿನಿಂದ ಗುಂಡಿಯನ್ನು ಮೀಟಿದಳು. ಟಪ್ ಎಂದು ಅದು ಮೇಲೆದ್ದಿತು. ಬೆರಳನ್ನು ನೆಕ್ಕಿ ನೋಡಿದಳು.

"ಸಕ್ಕರೆಪಾಕ" ಎಂದಳು. "ಎಡ್ನಾ, ನಿಮ್ಮ ಗುಂಡಿ ಅಂಟ್ಕೊಂಡಿತ್ತು. ಇಡೀ ಸೀಮೇಲಿ ಒಬ್ರೂ ಮಾತಾಡಕ್ಕಾಗ್ಲಿಲ್ಲ. ವಿಮಾನದಲ್ಲಿ ಬರೋ ಡಾಕ್ಟರನ್ನ ಕರೆಯೋಕೂ ದಾರಿ ಇರ್ಲಿಲ್ಲ. ಹತ್ರದೋಳು ನಾನೇ ಅಲ್ವಾ, ಬಂದೆ."

ಅಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. "ಯಾವಾಗಿಂದ?"

"ಕೇಕಿನಿಂದ."

"ಯಾರ್ಯಾರು ಕೇಳಿದ್ರು?"

"ಹದಿನೆಂಟು ಮನೆ, ಪೊಲೀಸ್ ಠಾಣೆ, ಮಿಸ್ ಪಾಸ್ಕೋ."

ಆಡಿದ ಮಾತು ಒಡೆದ ಮುತ್ತು. ಅಮ್ಮ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಕೂತಳು. ನಾನು ಮೇಜಿನ ಕೆಳಗೆ ಸೇರಿಕೊಂಡೆ. ಬೆರಿಲ್ ತಾನೇ ಚಹಾ ಕಾಯಿಸಿ, ಅಮ್ಮನ ಮುಂದೆ ಒಂದು ಲೋಟ ಇಟ್ಟು, ತಾನೊಂದು ಕುಡಿದು ಎದ್ದಳು. ಬಾಗಿಲಲ್ಲಿ ತಿರುಗಿ, "ಕೇಕಿನ ವಿಷ್ಯ ಇನ್ನೊಂದಿನ ಮಾತಾಡೋಣ" ಎಂದು ಹೊರಟುಹೋದಳು.

ಮರುದಿನ ಬೆಳಿಗ್ಗೆ ರೇಡಿಯೋ ಹಾಕಬೇಡ ಎಂದಳು ಅಮ್ಮ. ನಾನು ಹಾಕಿದೆ. ಹಾಜರಿ ಕರೆದರು, ನನ್ನ ಹೆಸರು ಬಂತು, "ಇದ್ದೀನಿ ಮಿಸ್, ಓವರ್" ಎಂದೆ.  "ಗ್ಲೆನಿಸ್, ನಿನ್ನ ಮನೆ ಟೀಚರ್ ಹತ್ರ ಮೈಕ್ ಕೊಡು, ಓವರ್" ಎಂದರು ಮಿಸ್ ಪಾಸ್ಕೋ.

ಆ ಮೈಕನ್ನು ಅಮ್ಮ ಅದುವರೆಗೆ ಮುಟ್ಟಿರಲಿಲ್ಲ. ಏಪ್ರನ್ನಿಗೆ ಮೂರು ಸಲ ಕೈ ಒರೆಸಿಕೊಂಡು ಗುಂಡಿ ಒತ್ತಿದಳು. "ಎಡ್ನಾ ಮಾತಾಡ್ತಿದ್ದೀನಿ. ಓವರ್."

"ನಿಯಮ ನಾನು ಬದಲಾಯ್ಸೋಕಾಗಲ್ಲ ಎಡ್ನಾ. ವರದಿ ಮನೆ ಟೀಚರ್ ಕೈಬರಹದಲ್ಲೇ ಇರ್ಬೇಕು. ಆದ್ರೆ ಯಾವ ವಾರದಿಂದ ಅಂತ ನೋಡೋದು ನನ್ನ ಕೆಲ್ಸ. ಎಷ್ಟು ದಿನ ಬೇಕು? ಓವರ್."

ಹದಿನೆಂಟು ಮನೆಗಳು ಕಿವಿಗೊಟ್ಟು ಕೂತಿವೆ ಎಂದು ಅಮ್ಮನಿಗೂ ಗೊತ್ತು, ನನಗೂ ಗೊತ್ತು. ಅಮ್ಮ ನನ್ನ ಕಡೆ ನೋಡಿದಳು. "ಡಿಸೆಂಬರ್ ರಜಾ ತನಕ ಕೊಡಿ. ಬರೀತೀನಿ. ಓವರ್."

"ಬರೀಲಿಲ್ಲ ಅಂದ್ರೆ ಫೆಬ್ರವರೀಲಿ ಶಾಲೆ ತೆರೆದಾಗ ಗ್ಲೆನಿಸ್ ಹಾಸ್ಟೆಲಿಗೆ ಬರ್ಬೇಕಾಗುತ್ತೆ. ಓವರ್."

"ಗೊತ್ತು. ಓವರ್."

ಮಧ್ಯಾಹ್ನ ರೇಡಿಯೋದಲ್ಲಿ ಹೆಂಗಸರ ಹರಟೆಗೆ ಬಿಟ್ಟ ಹೊತ್ತೊಂದಿತ್ತು. ಗಂಡಸರು ಅದನ್ನು ಗಿಳಿಗಳ ಹೊತ್ತು ಎಂದು ಆಡಿಕೊಳ್ಳುತ್ತಿದ್ದರು. ಅಮ್ಮ ಆವತ್ತು ಎದ್ದು ಹೊರಗೆ ಹೋಗಲು ನೋಡಿದಳು. ಅಷ್ಟರಲ್ಲಿ ಬೆರಿಲ್ ದನಿ ಬಂತು.

"ಎಲ್ರೂ ಕೇಳಿ. ನನ್ ಕೇಕ್ ಬಗ್ಗೆ ಊರಲ್ಲಿ ಏನೇನೋ ಮಾತು ಹುಟ್ಟಿದೆ. ಅದಕ್ಕೆ ಮಾಡೋ ವಿಧಾನ ಹೇಳ್ತೀನಿ, ಬರ್ಕೊಳ್ಳಿ. ಇವತ್ತು ಗರಗರ ಜಾಸ್ತಿ ಇದೆ, ಒಂದೊಂದೇ ಅಕ್ಷರ ಬಿಡ್ಸಿ ಹೇಳ್ತೀನಿ. ಓವರ್."

ಆಕಾಶ ತೊಳೆದಿಟ್ಟ ಹಾಗಿತ್ತು, ರೇಡಿಯೋದಲ್ಲಿ ಚೂರೂ ಗರಗರ ಇರಲಿಲ್ಲ. ಆದರೂ ಬೆರಿಲ್ 'ಹಿಟ್ಟು' ಎಂಬ ಒಂದು ಮಾತಿಗೆ ಇಡೀ ಒಂದು ನಿಮಿಷ ತೆಗೆದುಕೊಂಡಳು. ಇನ್ಯಾವುದೋ ಮನೆಯಾಕೆ, "ಕೇಳಿಸ್ಲಿಲ್ಲ ಬೆರಿಲ್, ಇನ್ನೊಂದ್ಸಲ ಹೇಳು, ಓವರ್" ಎಂದಳು. ಅವಳಿಗೆ ಚೆನ್ನಾಗಿಯೇ ಕೇಳಿಸಿತ್ತು. ಅಮ್ಮ ಬಾಗಿಲಿನಿಂದ ಹಿಂದಕ್ಕೆ ಬಂದು, ನನ್ನ ಪೆನ್ಸಿಲ್ ಕಿತ್ತುಕೊಂಡಳು.

ಆ ಹತ್ತು ಹನ್ನೆರಡು ವಾರ ನಮ್ಮ ಸೀಮೆಯಲ್ಲಿ ಗರಗರ ನಿಲ್ಲಲೇ ಇಲ್ಲ. ಒಬ್ಬಳು ಉಪ್ಪಿನಕಾಯಿಯನ್ನು ಬಿಡಿಸಿ ಹೇಳಿದಳು, ಒಬ್ಬಳು ಸ್ವೆಟರಿನ ಹೆಣಿಗೆಯನ್ನು, ಪೊಲೀಸಿನವನ ಹೆಂಡತಿ ತನ್ನ ಅತ್ತೆಯ ಮೇಲಿನ ದೂರನ್ನು. ಬೆಳಿಗ್ಗೆ ನನಗೆ ಪಾಠ, ಸಂಜೆ ಅದೇ ಮೇಜಿನಲ್ಲಿ ಅಮ್ಮನಿಗೆ ನನ್ನ ಪಾಠ. ನಾನು ಕೆಟ್ಟ ಟೀಚರ್. ಗದರುತ್ತಿದ್ದೆ, ಮೊಟಕುತ್ತಿದ್ದೆ. ಅಮ್ಮ ಒಂದು ಸಲ ಪೆನ್ಸಿಲ್ ಮುರಿದು ಕುದುರೆ ಲಾಯಕ್ಕೆ ಹೋಗಿ ಅತ್ತು ಬಂದಳು. ಬಂದವಳೇ ಇನ್ನೊಂದು ಪೆನ್ಸಿಲ್ ಕೇಳಿದಳು. ನವೆಂಬರಿನಲ್ಲಿ ಒಂದು ಸಂಜೆ ಗೋಡೆಯ ಮೇಲಿನ ನಿಯಮಗಳ ಹಾಳೆಯ ಮುಂದೆ ಬೆರಳಿಟ್ಟು ಬಹಳ ಹೊತ್ತು ನಿಂತಿದ್ದಳು. ಏಳನೆಯದನ್ನು ತಲುಪಿದ ಮೇಲೆ ನನ್ನ ಕಿವಿ ಹಿಂಡಿದಳು. ಅಷ್ಟು ನೋವಾದರೂ ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ.

ಡಿಸೆಂಬರಿನಲ್ಲಿ ರಜಕ್ಕೆ ಮುಂಚಿನ ಕೊನೆಯ ಗುರುವಾರ ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡು ವರದಿ ಬರೆದಳು. ನನ್ನನ್ನು ಒಳಗೆ ಬಿಡಲಿಲ್ಲ. ಎರಡು ಗಂಟೆಯ ಮೇಲೆ ಹೊರಬಂದು, ಮಡಿಸಿದ ಹಾಳೆಯನ್ನು ಹಸಿರು ಚೀಲದಲ್ಲಿ ಹಾಕಿ, "ಓದ್ಬೇಡ" ಎಂದು ನನ್ನ ಕೈಗೆ ಕೊಟ್ಟಳು.

ವಿಮಾನ ಇಳಿಯುವ ಬಯಲಿಗೆ ಅರ್ಧ ಮೈಲಿ. ಅಲ್ಲಿ ಮುಟ್ಟಿದ ಕೂಡಲೇ ಚೀಲ ಬಿಚ್ಚಿ ಓದಿದೆ. ಅಷ್ಟು ವರ್ಷದ ಅಭ್ಯಾಸ.

'ಗ್ಲೆನಿಸ್ ಲೆಕ್ಕದಲ್ಲಿ ಸೋಮಾರಿ. ಎದುರು ಮಾತಾಡುತ್ತಾಳೆ. ಇಷ್ಟು ದಿನದ ವರದಿ ಸುಳ್ಳು. ಬರೆಸಿದ್ದು ನಾನು. ಅವಳು ನನಗೆ ಓದು ಕಲಿಸಿದಳು. ನನಗೆ ಗೊತ್ತಿರುವುದೆಲ್ಲ ಅವಳಿಗೆ ಗೊತ್ತು. ಇನ್ನು ಹೆಚ್ಚು ಗೊತ್ತಿರುವವರು ಬೇಕು. ಹಾಸ್ಟೆಲಿನಲ್ಲಿ ಜಾಗ ಕೊಡಿ. ಎಡ್ನಾ, ಮನೆ ಟೀಚರ್.'

ಬಿಸಿಲಿಗೆ ಅಕ್ಷರ ಕುಣಿದವು. ವರದಿ ಅಮ್ಮನ ಕೈಬರಹದಲ್ಲೇ ಇತ್ತು, ನಾವು ಗೆದ್ದಿದ್ದೆವು. ಆ ಹಾಳೆಯಲ್ಲಿ ಇನ್ನೇನೇ ಬರೆದಿದ್ದರೂ ನಾನು ಮನೆಯಲ್ಲೇ ಉಳಿಯುತ್ತಿದ್ದೆ. ಜೇಬಿನಲ್ಲಿ ಪೆನ್ಸಿಲ್ ಇತ್ತು. ಖಾಲಿ ಹಾಳೆಯೂ ಇತ್ತು. ಅಮ್ಮನ ಸಹಿಯನ್ನು ಅಮ್ಮನಿಗಿಂತ ಚೆನ್ನಾಗಿ ನಾನು ಹಾಕಬಲ್ಲೆ. ಎರಡೇ ನಿಮಿಷದ ಕೆಲಸ. ಹಾಳೆಯನ್ನು ಮೊಣಕಾಲ ಮೇಲೆ ಹರಡಿಕೊಂಡು 'ಗ್ಲೆನಿಸ್ ಬಹಳ' ಎಂದು ಬರೆದೂ ಬರೆದೆ. ಆಮೇಲೆ ಪಕ್ಕದಲ್ಲಿದ್ದ ಅಮ್ಮನ ಹಾಳೆ ನೋಡಿದೆ. ಎಷ್ಟು ಸಲ ಅಳಿಸಿ ಬರೆದಿದ್ದಳೋ, ಎರಡು ಕಡೆ ಕಾಗದವೇ ತೂತಾಗಿತ್ತು. ನನ್ನ ಹಾಳೆಯನ್ನು ಮುದುರಿ ಜೇಬಿಗೆ ತುರುಕಿದೆ.

ವಿಮಾನ ಇಳಿಯಿತು. ಪೈಲಟ್ ನೆವಿಲ್ ಕಿಟಕಿಯಿಂದ ಕೈಚಾಚಿ ಚೀಲ ತೆಗೆದುಕೊಂಡ. "ಯಾಕ್ ಮರಿ, ಕಣ್ಣಿಗೆ ಧೂಳು ಬಿತ್ತಾ? ವರದಿ ಹಾಕಿದ್ದೀಯ ತಾನೇ?"

"ಹಾಕಿದ್ದೀನಿ" ಎಂದೆ. "ಅಮ್ಮನೇ ಬರೆದದ್ದು."