ಬ್ಯಾಗಿನಲ್ಲಿ ಐದು ನಾಬು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ಹಾಲಿನ ಪಾತ್ರೆ ಸೀದು ಕರಕಲಾಗಿ, ಅಡುಗೆಮನೆಯ ಪರದೆಗೆ ಬೆಂಕಿ ತಗುಲಿ, ಹಾಲಿಟ್ಟ ಅಪ್ಪ ಮಾತ್ರ ಪಕ್ಕದ ಕೋಣೆಯಲ್ಲಿ ಆರಾಮಾಗಿ ಪೇಪರ್ ಓದುತ್ತಾ ಕೂತಿದ್ದರೆ ಯಾರಿಗೆ ತಾನೇ ಕೋಪ ಬರುವುದಿಲ್ಲ? ಅದು ಕಳೆದ ತಿಂಗಳ ಮಾತು. ಅಣ್ಣ ಬಂದು ಮಸಿ ಹಿಡಿದ ಗೋಡೆ ನೋಡಿದ.

"ಇನ್ನೊಂದ್ಸಲ ಹೀಗಾದ್ರೆ ಅಪ್ಪನ್ನ ವೃದ್ಧಾಶ್ರಮಕ್ಕೆ ಸೇರಿಸೋದೇ. ನೀನು ಹಗಲೆಲ್ಲ ಅಂಗಡೀಲಿರ್ತೀಯ, ನೋಡ್ಕೊಳ್ಳೋರು ಯಾರು?" ಎಂದ. ಅಪ್ಪನ ಎದುರಿಗೇ ಅಂದ.

ಅಪ್ಪ ಮೂವತ್ತು ವರ್ಷ ಬೇಕರಿಯಲ್ಲಿ ಒಲೆ ಕಾದವನು. ಒಲೆಯ ಬಾಯಿಗೆ ಅಂಗೈ ಹಿಡಿದು, ಬ್ರೆಡ್ ಹಾಕಬಹುದೋ ಇನ್ನೂ ತಡೆಯಬೇಕೋ ಹೇಳುತ್ತಿದ್ದ. ಅಂಥವನಿಗೆ ಈಗ ಬೆಂಕಿ ಮುಟ್ಟಬೇಡ ಎನ್ನಬೇಕು, ಅಂದರೂ ಮರೆಯುತ್ತಾನೆ. ಅದಕ್ಕೇ ನಾನೊಂದು ಉಪಾಯ ಹೂಡಿದೆ. ನಮ್ಮದು ಮೇಲೆ ನಾಲ್ಕು ಬರ್ನರ್, ಕೆಳಗೆ ಓವನ್ ಇರುವ ದೊಡ್ಡ ಗ್ಯಾಸ್ ಒಲೆ. ಉರಿ ಹೆಚ್ಚುಕಮ್ಮಿ ಮಾಡಲು ತಿರುಗಿಸುವ ಅದರ ಐದೂ ನಾಬುಗಳು ಎಳೆದರೆ ಕೈಗೇ ಬರುತ್ತವೆ. ಬೆಳಿಗ್ಗೆ ಅವನ್ನು ಕಿತ್ತು ಬ್ಯಾಗಿಗೆ ಹಾಕಿಕೊಂಡು ಕೆಲಸಕ್ಕೆ ಹೋಗುವುದು, ಸಂಜೆ ತಂದು ಸಿಕ್ಕಿಸುವುದು. ಅಪ್ಪನಿಗೆ ಫ್ಲಾಸ್ಕಿನಲ್ಲಿ ಟೀ, ಡಬ್ಬಿಯಲ್ಲಿ ಊಟ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಮೊದಲ ದಿನ ಅಪ್ಪ ಆ ಬೋಳು ಒಲೆ ನೋಡಿ, "ಹಲ್ಲೆಲ್ಲ ಕಿತ್ಬಿಟ್ಯಲ್ಲೇ ಪುಟ್ಟಿ ಇದಕ್ಕೆ!" ಎಂದು ನಕ್ಕ. ನಲವತ್ತೆರಡು ವರ್ಷದವಳು ನಾನು, ಅವನಿಗಿನ್ನೂ ಪುಟ್ಟಿ. ಎರಡನೆಯ ದಿನದಿಂದ ನಗಲಿಲ್ಲ.

ಮೊನ್ನೆ ಸೋಮವಾರ ನಾನು ಎದ್ದಿದ್ದೇ ತಡವಾಗಿತ್ತು. ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಹತ್ತು ನಿಮಿಷ ಹಿಂದುಮುಂದಾದರೂ ಮಾಲೀಕರ ಮುಖ ಊದಿಕೊಳ್ಳುತ್ತದೆ. ತಿಂಡಿಯನ್ನೂ ತಿನ್ನದೆ, ಅಪ್ಪನ ಮಾತ್ರೆ ತೆಗೆದಿಟ್ಟು, ಐದು ನಾಬು ಕಿತ್ತುಕೊಂಡು ಓಡಿದೆ.

ಒಬ್ಬ ಗಿರಾಕಿಗೆ ಫ್ರೇಮ್ ತೋರಿಸುತ್ತಿದ್ದಾಗ ಮೇಲಿನ ಮನೆಯ ನರ್ಸ್ ಫೋನ್ ಮಾಡಿದಳು.

"ಅಕ್ಕಾ, ಗಾಬರಿ ಆಗ್ಬೇಡಿ. ನಿಮ್ಮನೆ ಓವನ್ನಿಂದ ಹೊಗೆ ಬಂದಿತ್ತು, ಈಗ ಆರಿದೆ. ನಿಮ್ಮ ತಂದೆ ಕಟಿಂಗ್ ಪ್ಲೇಯರ್ ಹಿಡ್ಕೊಂಡು ಒಲೆ ಮುಂದೆ ನಿಂತಿದ್ರು. ನಾಬಿಲ್ಲ ಅಂತ ಅದ್ರಲ್ಲೇ ತಿರುಗ್ಸಿ ಹಚ್ಚಿದ್ದಾರೆ ಅನ್ಸುತ್ತೆ. ನಿಮ್ಮಣ್ಣಂಗೂ ಹೇಳಿದೀನಿ."

ಫ್ರೇಮನ್ನು ಅಲ್ಲೇ ಬಿಟ್ಟು, ಹೆದರಿ ಮನೆಗೆ ಓಡಿದೆ. ಅರ್ಧ ದಾರಿಯಲ್ಲಿ ಆ ಭಯವೇ ಸಿಟ್ಟಾಯಿತು. ಮನೆ ಬಾಗಿಲಿಗೆ ಬರುವಷ್ಟರಲ್ಲಿ ಬೈಗುಳ ಎಲ್ಲ ಸಾಲಾಗಿ ಜೋಡಿಸಿಕೊಂಡಿದ್ದೆ.

ಅಪ್ಪ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದ. ಹೊಗೆಗೆ ಕಣ್ಣು ಕೆಂಪಾಗಿತ್ತು. ತೊಡೆಯ ಮೇಲೆ ಪ್ಲೇಯರ್. ಪಕ್ಕದಲ್ಲಿ ನರ್ಸ್ ನಿಂತಿದ್ದಳು.

"ಎಷ್ಟು ಸಲ ಬಡ್ಕೊಳ್ಳೋದಪ್ಪಾ ನಿಂಗೆ? ಮನೆ ಸುಟ್ಟು ಬೂದಿ ಆದ್ರೇನೇ ಸಮಾಧಾನಾನಾ? ಅಣ್ಣ ಬರ್ತಿದಾನೆ, ಅವನಿಗೇನು ಹೇಳ್ಲಿ ನಾನು?"

"ನಾನೇ ಹಚ್ಚಿರ್ಬೇಕು ಪುಟ್ಟಿ," ಎಂದ ಅಪ್ಪ. "ಹಚ್ಚಿದ್ದು ನೆನಪಿಲ್ಲ. ಆರ್ಸಿದ್ದು ನೆನಪಿದೆ."

ನರ್ಸ್ ಮೆಲ್ಲಗೆ ಬಾಯಿ ಹಾಕಿದಳು. "ಆರ್ಸಿದ್ದೇನೋ ಚೆನ್ನಾಗೇ ಆರ್ಸಿದಾರೆ ಅಕ್ಕಾ. ಸಿಲಿಂಡರ್ ಬಂದ್ ಮಾಡಿ ಕಿಟಕಿ ಎಲ್ಲ ತೆಗ್ದಿದ್ರು. ನಂಗೆ ಲೈಟ್ ಸ್ವಿಚ್ಚೂ ಮುಟ್ಟಕ್ಕೆ ಬಿಡ್ಲಿಲ್ಲ. ಓವನ್ ಬಾಗ್ಲು ತೆಗೀಬೇಡಮ್ಮಾ, ಗಾಳಿ ಸಿಕ್ರೆ ಬೆಂಕಿ ಮುಖಕ್ಕೇ ಹಾರುತ್ತೆ ಅಂದ್ರು."

ಅವಳು ಹೋದ ಮೇಲೆ ನಾನು ಓವನ್ನಿನ ಬಾಗಿಲು ತೆಗೆದೆ. ತಟ್ಟೆಯಲ್ಲಿ ಅರ್ಧ ಬ್ರೆಡ್ಡು ಇದ್ದಿಲಾಗಿ ಕೂತಿತ್ತು. ಅದರ ಸುತ್ತ ಸುಟ್ಟ ಕಾಗದ.

ಹಿಂದಿನ ದಿನದ ಬ್ರೆಡ್ಡು ಮೆತ್ತಗಾಗಿದೆಯೆಂದು ಬೆಳಿಗ್ಗೆ ಕಾಗದದ ಪೊಟ್ಟಣದ ಸಮೇತ ಬಿಸಿಗಿಟ್ಟವಳು ನಾನು. ಮರೆತವಳು ನಾನು. ಉರಿಯುತ್ತಿದ್ದ ಓವನ್ನಿನ ನಾಬನ್ನು ತಿರುಗಿಸದೆ ಹಾಗೇ ಎಳೆದುಕೊಂಡು ಹೋದವಳೂ ನಾನೇ. ಅಪ್ಪ ಪ್ಲೇಯರ್ ಹಿಡಿದದ್ದು ಹಚ್ಚುವುದಕ್ಕಲ್ಲ, ಆರಿಸುವುದಕ್ಕೆ. ಬೆಂಕಿಯನ್ನೂ ಮನೆಯಲ್ಲಿ ಬಿಟ್ಟು, ಅಪ್ಪನನ್ನೂ ಬಿಟ್ಟು, ಆರಿಸುವ ನಾಬನ್ನು ಬ್ಯಾಗಿಗೆ ಹಾಕಿಕೊಂಡು ಹೊರಟಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಸುಮ್ಮನಿದ್ದಿದ್ದರೆ ಸಾಕಿತ್ತು, ಅಪ್ಪನೇ ಒಪ್ಪಿಕೊಂಡಿದ್ದನಲ್ಲ. ಒಂದು ಗಳಿಗೆ ಸುಮ್ಮನಿದ್ದೆ ಕೂಡ. ಅದನ್ನು ನೆನೆದರೆ ನನಗೇ ಅಸಹ್ಯವಾಗುತ್ತದೆ.

ಅಣ್ಣ ಬಂದವನೇ, "ನಾನು ಹೇಳಿರ್ಲಿಲ್ವಾ?" ಎಂದ. ನಾನು ಬ್ಯಾಗನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಐದು ನಾಬು ಉರುಳಿದವು.

"ಹಚ್ಚಿದ್ದು ನಾನು ಕಣೋ. ಆರಿಸ್ದೇ ಕಿತ್ಕೊಂಡು ಹೋದೆ. ಅಪ್ಪ ಇಲ್ದಿದ್ರೆ ಮನೇನೇ ಇರ್ತಿರ್ಲಿಲ್ಲ."

ಎಲ್ಲ ಕೇಳಿ ಅಣ್ಣ ಹಣೆ ಚಚ್ಚಿಕೊಂಡ. "ಹಂಗಾದ್ರೆ ಆಶ್ರಮಕ್ಕೆ ಸೇರಿಸ್ಬೇಕಾದ್ದು ನಿನ್ನ!" ಎಂದ. ಆಶ್ರಮದ ಮಾತು ಅಲ್ಲಿಗೆ ಮುಗಿಯಿತು. ಫ್ಲಾಸ್ಕಿನಲ್ಲಿದ್ದ ಟೀ ಕುಡಿದು ಹೋದ.

"ಕೇಳಿಸ್ತಾ ಅಪ್ಪಾ? ನಿಂದೇನೂ ತಪ್ಪಿಲ್ಲ. ಸುಮ್ಸುಮ್ನೆ ಬೈದ್ಬಿಟ್ಟೆ ನಿಂಗೆ."

"ಕೇಳಿಸ್ತು," ಎಂದ. "ಚಿಕ್ಕೋಳಿದ್ದಾಗ್ಲೂ ಹಿಂಗೇ ನೀನು. ಬೇರೆಯೋರಿಗೆ ಏಟು ಬೀಳುತ್ತೆ ಅಂದ್ರೆ ತಪ್ಪೆಲ್ಲ ನಿನ್ ಮೇಲೆ ಹಾಕ್ಕೊಳ್ಳೋಳು."

"ಅಯ್ಯೋ, ದೇವರಾಣೆ ಅಪ್ಪಾ!" ತಟ್ಟೆಯನ್ನು ಅವನ ಮುಂದೆ ಹಿಡಿದೆ. "ನೋಡು. ಬ್ರೆಡ್ಡನ್ನ ಕಾಗದದ ಸಮೇತ ಒಲೆಗೆ ಇಡ್ತಿದ್ಯಾ ನೀನು?"

ಅಪ್ಪ ಸುಟ್ಟ ಕಾಗದದ ಚೂರು ತೆಗೆದುಕೊಂಡು ಬೆರಳಲ್ಲಿ ಉಜ್ಜಿದ. "ಇಡ್ತಿರ್ಲಿಲ್ಲ," ಎಂದ. ನನಗೆ ಹೋದ ಜೀವ ಬಂದಂತಾಯಿತು. "ಆದ್ರೆ ಅದು ಆಗಿನ ಮಾತು ಪುಟ್ಟಿ. ಈಗ ನಾನೇನು ಇಡ್ತೀನೋ, ಏನು ಬಿಡ್ತೀನೋ, ನಂಗೇ ಗೊತ್ತಿಲ್ಲ."

ನಾನು ಅಳುತ್ತಲೇ ಐದೂ ನಾಬುಗಳನ್ನು ಒಲೆಗೆ ಸಿಕ್ಕಿಸಿದೆ. ಇನ್ನು ಯಾವತ್ತೂ ಕೀಳುವುದಿಲ್ಲ ಎಂದು ಹೇಳಿದೆ.

ಮರುದಿನ ಬೆಳಿಗ್ಗೆ ನಾನು ಚಪ್ಪಲಿ ಹಾಕುತ್ತಿದ್ದಾಗ, "ತಡಿಯೇ," ಎಂದು ಕೂಗಿದ. ಹೋಗಿ ನೋಡಿದರೆ ಒಲೆಯ ಮುಂದೆ ಬಗ್ಗಿ ನಿಂತಿದ್ದಾನೆ. ಒಂದೊಂದು ನಾಬನ್ನೂ ಪೂರ್ತಿ ತಿರುಗಿಸಿ, ಬಂದ್ ಆಗಿದೆಯೇ ಎಂದು ನೋಡಿ, ಬರ್ನರ್ ಹತ್ತಿರ ಅಂಗೈ ಹಿಡಿದು, ಆಮೇಲೆ ಕೀಳುತ್ತಿದ್ದ. ಓವನ್ನಿನದನ್ನು ಎರಡು ಸಲ ನೋಡಿದ.

ಐದನ್ನೂ ನನ್ನ ಬ್ಯಾಗಿಗೆ ಹಾಕಿದ. ಆಮೇಲೆ ಜೇಬಿನಿಂದ ಪ್ಲೇಯರ್ ತೆಗೆದು ನನ್ನ ಕೈಗಿಟ್ಟ.

"ಇದನ್ನೂ ತಗೊಂಡ್ಹೋಗು ಪುಟ್ಟಿ," ಎಂದ.