ಗೆದ್ದಲಿನ ಹೊಟ್ಟೆ

ಸಭಾಂಗಣದ ಪರದೆಯ ಮೇಲೆ ಮೂಡಿದ ಚಿತ್ರ ತಾನು ಬರೆದದ್ದೇ ಎಂದು ಸುಹಾಸಿನಿಗೆ ಕೂಡಲೇ ತಿಳಿಯಿತು. ಎಡಕ್ಕೆ ಗೆಣಸು ಕೊರೆಯುವ ಮೂತಿಹುಳದ ಕರುಳು, ಬಲಕ್ಕೆ ಮರ ತಿನ್ನುವ ಗೆದ್ದಲಿನದು. ಮೂರು ವರ್ಷ ಕಾಲೇಜಿನ ಪ್ರಯೋಗಾಲಯದಲ್ಲಿ ಕೂತು, ಸೂಜಿಯ ತುದಿಯಿಂದ ಬಿಡಿಸಿ ನೋಡಿ ಬರೆದದ್ದು. ಕೆಳಗಿದ್ದ ಹೆಸರು ಮಾತ್ರ ನರಹರಿಯದು.

ನರಹರಿ ಅವಳ ದೊಡ್ಡಪ್ಪನ ಮಗ, ಅದೇ ಕಾಲೇಜಿನಲ್ಲಿ ಅಧ್ಯಾಪಕ. ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವುದನ್ನು ಅವಳಿಗೆ ಕಲಿಸಿದವನೇ ಅವನು. ಹೋದ ತಿಂಗಳು ಹಿಮಾಯತ್‌ನಗರದ ತನ್ನ ಮನೆಗೆ ಊಟಕ್ಕೆ ಕರೆದು, "ನೋಟ್‌ಬುಕ್ ಕೊಡವಾ, ತಪ್ಪು ಇದ್ರ ತಿದ್ದಿ ಕೊಡ್ತೀನಿ" ಎಂದಿದ್ದ. ಅವಳು ಮರುಮಾತಿಲ್ಲದೆ ಕೊಟ್ಟಿದ್ದಳು.

ಈಗ ತುಂಬಿದ ಸಭೆಗೆ ಅವಳ ವಾಕ್ಯಗಳನ್ನೇ ಓದುತ್ತಿದ್ದ. ಮೂತಿಹುಳಕ್ಕೆ ಬೇಕಾದ ಸೂಕ್ಷ್ಮಜೀವಿಗಳು ತಾಯಿಯಿಂದ ಮೊಟ್ಟೆಯಲ್ಲೇ ಬರುತ್ತವೆ. ಗೆದ್ದಲಿಗೆ ಹಾಗಲ್ಲ; ಪೊರೆ ಕಳಚಿದಾಗಲೆಲ್ಲ ಮರವನ್ನು ಅರಗಿಸಿಕೊಡುವ ಅದರ ಹೊಟ್ಟೆಯೊಳಗಿನ ಜೀವಿಗಳು ಹೋಗಿಬಿಡುತ್ತವೆ, ಗೂಡಿನವರೇ ಮತ್ತೆ ಉಣಿಸಬೇಕು.

"ಉಣಿಸದಿದ್ದರೆ?" ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ಪ್ರೊಫೆಸರು ಕೇಳಿದರು.

ನರಹರಿ ಹಾಳೆ ಮಗುಚಿದ. ಅದಕ್ಕೆ ಉತ್ತರ ನೋಟ್‌ಬುಕ್ಕಿನಲ್ಲಿರಲಿಲ್ಲ. ಅವನ ಕಣ್ಣು ಸುಹಾಸಿನಿಯನ್ನು ಹುಡುಕಿತು.

ಅವಳು ಸುಮ್ಮನಿದ್ದರೆ ಅವನ ಮಾನ ಅಲ್ಲೇ ಹೋಗುತ್ತಿತ್ತು. ಹೋಗಲಿ ಎಂದೇ ಒಂದು ಕ್ಷಣ ಕೂತಳು. ಆದರೆ ಪ್ರೊಫೆಸರರ ಮುಖದಲ್ಲಿ ನಿಜವಾದ ಕುತೂಹಲವಿತ್ತು. ಮೂರು ವರ್ಷದಲ್ಲಿ ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ.

ಎದ್ದು ನಿಂತಳು. "ಪೊರೆ ಕಳಚಿದವನ್ನು ಗೂಡಿನಿಂದ ಬೇರೆ ಇಟ್ಟು ನೋಡಿದೆ ಸರ್. ಮರ ತಿನ್ನುತ್ತಲೇ ಇರುತ್ತವೆ. ತಿನ್ನುತ್ತ ತಿನ್ನುತ್ತಲೇ ಹಸಿವಿನಿಂದ ಸಾಯುತ್ತವೆ."

"ನೋಡಿದ್ದು ನೀವೇ?"

"ನಾನೇ. ಆ ಚಿತ್ರ ಬರೆದದ್ದೂ ನಾನೇ."

ಹುಡುಗಿ ಬಹಳ ಸಹಾಯ ಮಾಡಿದ್ದಾಳೆ ಎಂದು ನರಹರಿ ನಕ್ಕ. ಜೊತೆಗೆ ಯಾರೂ ನಗಲಿಲ್ಲ.

ಹೊರಗೆ ವರಾಂಡದಲ್ಲಿ ಅವಳನ್ನು ತಡೆದ. "ಎಲ್ಲಾರ ಮುಂದ ನನ್ನ ಮರ್ಯಾದಿ ತಗದಿ. ಅಣ್ಣ ಅನ್ನೂದಾದ್ರೂ ನೆನಪಾಗ್ಲಿಲ್ಲೇನು?"

"ನೋಟ್‌ಬುಕ್ ಕೊಡ್ರಿ," ಎಂದಳು.

ಹುಟ್ಟಿದಾಗಿನಿಂದ ಅವನನ್ನು ಏಕವಚನದಲ್ಲೇ ಕರೆದವಳು. ಆ 'ರಿ' ಕೇಳಿ ಅವನು ಒಂದು ಹೆಜ್ಜೆ ಹಿಂದೆ ಸರಿದ. ಚೀಲದಿಂದ ನೋಟ್‌ಬುಕ್ ತೆಗೆದು ಕೊಟ್ಟ. ಮೊದಲ ಪುಟದಲ್ಲಿದ್ದ ಅವಳ ಹೆಸರನ್ನು ಬ್ಲೇಡಿನಿಂದ ನೀಟಾಗಿ ಹೆರೆದು ಹಾಕಲಾಗಿತ್ತು.

ಕೋಠಿಯಲ್ಲಿ ಬಸ್ಸಿಳಿದು ಗೆಣಸಿನ ತಳ್ಳುಗಾಡಿಯೊಂದರ ಮುಂದೆ ನಿಂತಳು. ಕಣ್ಣು ಒರೆಸಿಕೊಂಡು, ಮೂತಿಹುಳ ಕೊರೆದು ತೂತು ಬಿದ್ದ ಗೆಣಸುಗಳನ್ನೇ ಆರಿಸತೊಡಗಿದಳು. ಗಾಡಿಯ ಮುದುಕಿ ಅವಳ ಕೈ ಹಿಡಿದು, ಅವು ಹುಳುಕು, ಬೇಡಮ್ಮಾ ಎಂದು ತೆಲುಗಿನಲ್ಲಿ ತಡೆದಳು.

"ಅವೇ ಕಾವಾಲಿ," ಅವೇ ಬೇಕು ಎಂದಳು ಸುಹಾಸಿನಿ.

ಮುದುಕಿ ಅವಳ ಮುಖವನ್ನೊಮ್ಮೆ ನೋಡಿ, ಗೋಣಿಯ ತಳಕ್ಕೆ ಕೈಹಾಕಿ ಇನ್ನೂ ನಾಲ್ಕು ಹುಳುಕು ಗೆಣಸು ಹುಡುಕಿ ಅವಳ ಚೀಲಕ್ಕೆ ಹಾಕಿದಳು.